ಸಂಘಪಾಲನ ಐತವಾರಗಳು

ಕೊಡಂಬಲದ ಸರುಬಾಯಿಯ ಮಗ ಸಂಘಪಾಲನಿಗೆ ಹುಮನಾಬಾದಿನಲ್ಲಿ ಲೈನ್‌ಮನ್ ಕೆಲಸ ಸಿಕ್ಕಾಗ ಓಣಿಯವರಿಗೆ ಖುಷಿಯ ಜೊತೆಗೆ ಒಂದು ಅನುಮಾನವೂ ಹುಟ್ಟಿತ್ತು. "ಕಂಬದ ಮ್ಯಾಲ ಹತ್ತಿ ಕೆಳಗಿನವ್ರ ಜೋಡಿ ಇಂವ ಹ್ಯಾಂಗ ಮಾತಾಡ್ತಾನ?" ಎಂದು ಒಬ್ಬರು ಕೇಳಿದರು. ಅದು ಕುಹಕವಲ್ಲ. ಇಪ್ಪತ್ಮೂರು ವರ್ಷದ ಆ ಹುಡುಗನ ದನಿಯನ್ನು ಸರಿಯಾಗಿ ಕೇಳಿದವರು ಆ ಓಣಿಯಲ್ಲೇ ಕಡಿಮೆ. ಬುದ್ಧವಿಹಾರದಲ್ಲಿ ಎಲ್ಲರೂ ವಂದನೆ ಹೇಳುವಾಗ ಅವನ ತುಟಿ ಮಾತ್ರ ಅಲುಗಾಡುತ್ತಿತ್ತು.

ಅವನು ಹುಟ್ಟಿನಿಂದ ಹಾಗಿರಲಿಲ್ಲ. ಒಂಬತ್ತನೇ ತರಗತಿಯಲ್ಲಿದ್ದಾಗ ಮಾಸ್ತರರು ಪಾಠ ಓದಲು ಎಬ್ಬಿಸಿದರು. ಉಳಿದ ಹುಡುಗರ ದನಿ ಒಡೆದಿತ್ತು, ಇವನದು ಒಡೆದಿರಲಿಲ್ಲ. ಎರಡು ಸಾಲು ಓದುವಷ್ಟರಲ್ಲಿ ಇಡೀ ತರಗತಿ ನಗತೊಡಗಿತು. ಎಲ್ಲರಿಗಿಂತ ಹೆಚ್ಚು ನಕ್ಕವನು ಪಕ್ಕದಲ್ಲೇ ಕೂರುತ್ತಿದ್ದ ಅನೀಲಕುಮಾರ. ಮೂರು ವರ್ಷದಿಂದ ಅವನ ಪಕ್ಕ ಕೂರುವುದಕ್ಕೆಂದೇ ಸಂಘಪಾಲ ದಿನಾ ಬೇಗ ಶಾಲೆಗೆ ಹೋಗುತ್ತಿದ್ದ. ಯಾಕೆ ಹಾಗೆ ಎಂದು ಅವನಿಗೇ ಆಗ ತಿಳಿಯುತ್ತಿರಲಿಲ್ಲ. ತಿಳಿಯುವ ಹೊತ್ತಿಗೆ, ಅದು ಯಾರಿಗೂ ಹೇಳುವ ಮಾತಲ್ಲ ಎಂಬುದೂ ತಿಳಿದಿತ್ತು. ಮರುದಿನದಿಂದ ಅವನು ಕೊನೆಯ ಬೆಂಚಿಗೆ ಹೋದ. ಮಾತು ಅಲ್ಲಿಂದ ಕಡಿಮೆಯಾಗುತ್ತ ಬಂತು.

ಹುಮನಾಬಾದಿನಲ್ಲಿ ಐಟಿಐ ಮುಗಿಸಿದ, ಪರೀಕ್ಷೆ ಬರೆದ, ಕಂಬ ಹತ್ತಿ ತೋರಿಸಿದ, ಆಯ್ಕೆಯಾದ. ತಾಯಿ ಸರುಬಾಯಿ ಇನ್ನೂ ಕಂಡವರ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ತಂದೆ ಇರಲಿಲ್ಲ. ತಂಗಿ ಮನೀಷಾ ಕಾಲೇಜಿನಲ್ಲಿದ್ದಳು. ಮಗ ಹುಮನಾಬಾದಿನಲ್ಲಿ ಒಂದು ಕೋಣೆ ಹಿಡಿದು ನಿಂತಾಗ ಸರುಬಾಯಿ ಒಂದು ತವೆ, ಎರಡು ಪಾತ್ರೆ, ಬಾಬಾಸಾಹೇಬರ ಒಂದು ಫೋಟೋ ಕಟ್ಟಿಕೊಟ್ಟು ಕಳಿಸಿದಳು.

ಸೆಕ್ಷನ್ ಆಫೀಸಿನಲ್ಲಿ ಅವನನ್ನು ಜ್ಞಾನೇಶ್ವರನ ಜೊತೆ ಹಾಕಿದರು. ಮೂವತ್ತಾರು ವರ್ಷದ ಆಳು. ಅಗಲ ಭುಜ, ದಪ್ಪ ಮೀಸೆ, ಎಡಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟ ಕಲೆ. ದಿನಾ ಬಸವಕಲ್ಯಾಣದಿಂದ ಮೋಟಾರ್ ಸೈಕಲ್ ಮೇಲೆ ಬರುತ್ತಿದ್ದ. ಯಾರ ಜೊತೆಗೂ ಚಹಾಕ್ಕೆ ನಿಲ್ಲುತ್ತಿರಲಿಲ್ಲ. ಐದೂವರೆಯಾದರೆ ಅರ್ಧ ಮಾತಿನಲ್ಲೇ ಎದ್ದು ಹೋಗುತ್ತಿದ್ದ. "ಮದಿವಿ ಇಲ್ಲ, ಮಕ್ಕಳಿಲ್ಲ, ಇಂವಗ ಏನ್ ಅವಸರ?" ಎಂದು ಜೀಪಿನ ಡ್ರೈವರ್ ಮಹೆಬೂಬ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದ. ಎದುರಿಗೆ ಆಡುವ ಧೈರ್ಯ ಯಾರಿಗೂ ಇರಲಿಲ್ಲ.

ಮೊದಲ ದಿನವೇ ಬೈಗುಳ ಬಿತ್ತು. ಹಳ್ಳಿಖೇಡದ ಕಡೆ ಕಬ್ಬಿನ ಹೊಲದ ಅಂಚಿನಲ್ಲಿ ಒಂದು ತಂತಿ ಸಡಿಲಾಗಿತ್ತು. ಜ್ಞಾನೇಶ್ವರ ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಲೈನ್ ಬಂದ್ ಮಾಡಿಸಿದ, ತಾನೇ ಪರೀಕ್ಷಿಸಿ ನೋಡಿದ, ಸಂಘಪಾಲನನ್ನು ಹತ್ತಿಸಿದ. ಹತ್ತಿದವನು ಒಂದೊಂದು ಕೆಲಸಕ್ಕೂ ಮೇಲಿಂದ ಕೂಗಿ ಹೇಳಬೇಕು, ಕೆಳಗಿನವನು ಕೂಗಿ ಉತ್ತರಿಸಬೇಕು. ಅದು ನಿಯಮ. ಸಂಘಪಾಲ ಹೇಳುತ್ತಿದ್ದ, ಆದರೆ ಮಾತು ಅವನ ಅಂಗಿಯ ಕಾಲರಿನಾಚೆ ಹೋಗುತ್ತಿರಲಿಲ್ಲ.

"ಇಳಿ," ಎಂದ ಜ್ಞಾನೇಶ್ವರ.

ಇಳಿದ.

"ಬಾಯಿ ಇಲ್ದಾಂವ ಈ ಕೆಲಸಕ್ಕ ಯಾಕ ಬಂದಿ? ಮ್ಯಾಲ ನಿಂಗ ಏನರ ಆದ್ರ ನಂಗ ಹ್ಯಾಂಗ ತಿಳೀಬೇಕು? ನಿಮ್ಮ ಅವ್ವನ ಮುಂದ ಹೋಗಿ ನಾ ಏನಂತ ಹೇಳ್ಲಿ?"

ಸಂಘಪಾಲ ನೆಲ ನೋಡುತ್ತ ನಿಂತ. ಜ್ಞಾನೇಶ್ವರ ತಾನೇ ಹತ್ತಿ ಕೆಲಸ ಮುಗಿಸಿದ. ಆಮೇಲೆ ಜೀಪಿನ ಕಡೆ ಬರದೆ ಹೊಲದ ಬದುವಿನ ಮೇಲೆ ನಡೆಯುತ್ತ ದೂರ ಹೋದ. ಆ ತುದಿಯಲ್ಲಿ ತಿರುಗಿ ನಿಂತು ಕೂಗಿದ.

"ನಿನ್ನ ಹೆಸರು ಕೂಗು. ನಂಗ ಕೇಳಸೂತನ ಇಲ್ಲೇ ನಿಂದರ್ತೀನಿ."

ಮೊದಲ ಸಲ ಗಾಳಿಯಷ್ಟೇ ಹೊರಬಂತು. ಎರಡನೇ ಸಲ, ಮೂರನೇ ಸಲ, ಆ ತುದಿಯಿಂದ ಒಂದೇ ಉತ್ತರ: "ಇಲ್ಲ." ಮಹೆಬೂಬ ಜೀಪಿನಲ್ಲಿ ಕೂತು ನಗುತ್ತಿದ್ದ. ಏಳೆಂಟು ಸಲ ಆದಮೇಲೆ ಸಂಘಪಾಲನಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಿಲ್ಲ, ಬಹುಶಃ ಅನೀಲಕುಮಾರನ ಮೇಲೆ. ಹೊಟ್ಟೆಯೊಳಗಿಂದ ಎಳೆದು ಕೂಗಿದ. ಕಬ್ಬಿನೊಳಗಿದ್ದ ಕೊಕ್ಕರೆಗಳು ಒಮ್ಮೆಗೇ ಎದ್ದು ಹಾರಿದವು.

ಜ್ಞಾನೇಶ್ವರ ಅದೇ ಬದುವಿನ ಮೇಲೆ ನಿಧಾನಕ್ಕೆ ತಿರುಗಿ ಬಂದ. ಹತ್ತಿರ ಬಂದಾಗ ಮುಖದಲ್ಲಿ ನಗುವೇನೂ ಇರಲಿಲ್ಲ. "ಸಂಘಪಾಲ," ಎಂದ ಒಮ್ಮೆ, ರುಚಿ ನೋಡಿದವನ ಹಾಗೆ. "ಛಲೋ ಹೆಸರದ. ಇಷ್ಟ ಛಲೋ ಹೆಸರ ಬಾಯಾಗ ಯಾಕ ಮುಚ್ಚಿಟ್ಟೀದಿ?"

ಆಫೀಸಿನಲ್ಲಿ ಎಲ್ಲರೂ ಅವನನ್ನು ಸಂಘ್ಯಾ ಎಂದು ಕರೆಯುತ್ತಿದ್ದರು. ಜ್ಞಾನೇಶ್ವರ ಬೈಯುವಾಗಲೂ ಪೂರ್ತಿ ಹೆಸರಿನಿಂದ ಬೈಯುತ್ತಿದ್ದ.

ಹೀಗೆ ಮಳೆಗಾಲ ಕಳೆಯಿತು. ಆ ವರ್ಷ ಜೂನಿನ ಗಾಳಿಗೆ ಕಂಬಗಳು ಸಾಲಾಗಿ ಬಿದ್ದವು. ಇಬ್ಬರೂ ಕೆಸರಿನಲ್ಲಿ ಮುಳುಗಿ ಕೆಲಸ ಮಾಡಿದರು. ಪ್ರತಿ ಸಲ ಹತ್ತುವ ಮೊದಲು ಜ್ಞಾನೇಶ್ವರ ಬಂದು ಅವನ ಸೊಂಟದ ಬೆಲ್ಟಿಗೆ ಎರಡು ಬೆರಳು ಹಾಕಿ ಜಗ್ಗಿ ನೋಡುತ್ತಿದ್ದ. ಬಕಲ್ ಬಿಗಿಯಾಗಿದ್ದರೆ "ಹ್ಞೂಂ" ಎನ್ನುತ್ತಿದ್ದ. ಅಷ್ಟೇ. ಸಂಘಪಾಲ ಆ ಎರಡು ಬೆರಳಿಗಾಗಿ ಕಾಯತೊಡಗಿದ್ದು ಯಾವಾಗ ಎಂದು ಅವನಿಗೂ ಗೊತ್ತಿಲ್ಲ. ಒಂದು ದಿನ ಬೇಕೆಂದೇ ಬಕಲ್ ಸಡಿಲ ಬಿಟ್ಟ. ಜ್ಞಾನೇಶ್ವರ ಅದನ್ನು ಬಿಚ್ಚಿ, ಮತ್ತೆ ಹಾಕಿ, ಬಿಗಿದು, ಅವನ ಮುಖವನ್ನೇ ಒಂದು ಗಳಿಗೆ ನೋಡಿದ. "ಮತ್ತ ಹಿಂಗ ಮಾಡಿದ್ರ ಬೆನ್ನಿಗೆ ಬೀಳ್ತಾವ," ಎಂದ. ಆದರೆ ಅಂದಿನ ದನಿಯಲ್ಲಿ ಗಡಸು ಕಡಿಮೆಯಿತ್ತು. ಮಧ್ಯಾಹ್ನ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದಾಗ, ಏನೂ ಹೇಳದೆ ತನ್ನ ಶೇಂಗಾ ಹಿಂಡಿಯ ಅರ್ಧವನ್ನು ಇವನ ರೊಟ್ಟಿಯ ಮೇಲೆ ಸುರಿದ.

ಸಂಕ್ರಾಂತಿ ಹತ್ತಿರವಿದ್ದ ಒಂದು ಶನಿವಾರ ಜ್ಞಾನೇಶ್ವರ ತನ್ನ ಮೊಬೈಲನ್ನು ಆಫೀಸಿನಲ್ಲೇ ಮರೆತು ಹೋದ. ಸಂಘಪಾಲ ಅದನ್ನು ಮೇಜಿನ ಡ್ರಾಯರಿನಲ್ಲಿ ಇಡಬಹುದಿತ್ತು. ಇಡಲಿಲ್ಲ. ಐತವಾರ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಮಾಡಿದ ಅಂಗಿ ಹಾಕಿ ಬಸವಕಲ್ಯಾಣದ ಬಸ್ ಹತ್ತಿದ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕೋಟೆಯ ಹಿಂದಿನ ಗಲ್ಲಿಯಲ್ಲಿ "ಕರೆಂಟಿನ ಜ್ಞಾನೇಶ್ವರ" ಎಂದರೆ ಎಲ್ಲರಿಗೂ ಗೊತ್ತಿತ್ತು.

ಬಾಗಿಲು ತೆರೆದೇ ಇತ್ತು. ಒಳಗೆ ಮಂಚದ ಮೇಲೆ ಒಬ್ಬ ಮುದುಕಿಯನ್ನು ದಿಂಬಿಗೆ ಒರಗಿಸಿ ಕೂರಿಸಲಾಗಿತ್ತು. ಜ್ಞಾನೇಶ್ವರ ಅವಳ ಹಿಂದೆ ಮೊಣಕಾಲೂರಿ, ಬಿಳಿ ಕೂದಲನ್ನು ಎರಡು ಪಾಲು ಮಾಡಿ ಹೆಣೆಯುತ್ತಿದ್ದ. ಆ ದೊಡ್ಡ ಬೆರಳುಗಳು ಅಷ್ಟು ಹಗುರವಾಗಿ ಆಡುವುದನ್ನು ಸಂಘಪಾಲ ನೋಡಿರಲಿಲ್ಲ. ಹೊಸ್ತಿಲಲ್ಲೇ ನಿಂತುಬಿಟ್ಟ.

ಜ್ಞಾನೇಶ್ವರ ತಲೆ ಎತ್ತಿದ. ಮುಖ ಕೆಂಪಾಯಿತು. "ಯಾರ್ ಬಾ ಅಂದಾರ ನಿಂಗ ಇಲ್ಲಿ?"

"ಫೋನ್ ಬಿಟ್ಟಿದ್ರಿ..."

"ಸೋಮವಾರ ಕೊಟ್ರ ನಡೀತಿರ್ಲಿಲ್ಲೇನು?"

ಸಂಘಪಾಲ ಫೋನನ್ನು ಕಿಟಕಿಯ ಮೇಲಿಟ್ಟು ತಿರುಗಿದ. ಆಗ ಮುದುಕಿಯ ಬಾಯಿಂದ ಒಂದು ಶಬ್ದ ಬಂತು. ಅರ್ಧ ಬಾಯಿ ಅಲುಗಾಡುತ್ತಿರಲಿಲ್ಲ. ಬಲಗೈ ಮಡಿಲಲ್ಲಿ ಸತ್ತ ಹಾಗೆ ಬಿದ್ದಿತ್ತು. ಎಡಗೈ ಎತ್ತಿ ಹುಡುಗನನ್ನು ಕರೆಯುತ್ತಿದ್ದಳು.

"ಕೂಡು ಅನ್ನಾಕತ್ತಾಳ," ಎಂದ ಜ್ಞಾನೇಶ್ವರ, ಸೋತವನ ಹಾಗೆ. "ನಮ್ಮ ಅವ್ವ. ಜಗದೇವಿ. ಲಕ್ವಾ ಹೊಡದು ನಾಕ ವರ್ಷ ಆತು."

ಎಲ್ಲವೂ ಆಗ ತಿಳಿಯಿತು. ಹಗಲೆಲ್ಲ ಪಕ್ಕದ ಮನೆಯ ಖುಷ್ನುಮಾ ಎಂಬ ಹೆಂಗಸು ಬಂದು ನೋಡಿಕೊಳ್ಳುತ್ತಿದ್ದಳು. ಆರೂವರೆಗೆ ಅವಳು ತನ್ನ ಮನೆ ಅಡುಗೆಗೆ ಹೋಗಬೇಕು. ಎರಡು ಗಂಟೆಗೊಮ್ಮೆ ಮುದುಕಿಯ ಮಗ್ಗಲು ಬದಲಿಸದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ಲಾತೂರಿನಲ್ಲಿ ಅಂಗಡಿಯಿಟ್ಟಿದ್ದ ಅಣ್ಣ ದಿಲೀಪ ಹಬ್ಬಕ್ಕೊಮ್ಮೆ ಬಂದು ಹೋಗುತ್ತಿದ್ದ. ಬಸವಕಲ್ಯಾಣಕ್ಕೇ ವರ್ಗ ಕೊಡಿ ಎಂದು ಜ್ಞಾನೇಶ್ವರ ನಾಲ್ಕು ವರ್ಷದಿಂದ ಅರ್ಜಿ ಹಾಕುತ್ತಲೇ ಇದ್ದ. ಈ ಒಂದು ಮಾತನ್ನೂ ಅವನು ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ಮಂದಿಯ ಕರುಣೆ ಅವನಿಗೆ ಬೇಕಿರಲಿಲ್ಲ. ಅದಕ್ಕಿಂತ ಅವರ ಸಿಟ್ಟೇ ಮೇಲು ಎಂದುಕೊಂಡಿದ್ದ.

"ಮಗ್ಗಲ ಹ್ಯಾಂಗ ಬದಲಸ್ತಾರ್ರಿ?" ಎಂದು ಸಂಘಪಾಲ ಕೇಳಿದ. ಆ ಮನೆಯಲ್ಲಿ ಅವನು ತಾನಾಗಿ ಆಡಿದ ಮೊದಲ ಮಾತು ಅದು.

ಮುಂದಿನ ಐತವಾರ ಬಾಳೆಹಣ್ಣು ಹಿಡಿದು ಹೋದ. ಅದರ ಮುಂದಿನ ಐತವಾರ ಯಾರೂ ಯಾಕೆ ಬಂದೆ ಎಂದು ಕೇಳಲಿಲ್ಲ. ಜಗದೇವಿ ಅವನನ್ನು "ಪಾಲ" ಎನ್ನುತ್ತಿದ್ದಳು, ಅಷ್ಟೇ ಅವಳ ನಾಲಿಗೆಗೆ ಹೊರಳುತ್ತಿತ್ತು. ಅವನು ಹಣ್ಣು ಕಿವುಚಿ ತಿನ್ನಿಸುತ್ತಿದ್ದ, ಬೆನ್ನಿಗೆ ಪೌಡರ್ ಹಚ್ಚುತ್ತಿದ್ದ, ವಾರದ ಸುದ್ದಿಯನ್ನೆಲ್ಲ ಅವಳಿಗೆ ಹೇಳುತ್ತಿದ್ದ. ತಿರುಗಿ ನಗಲಾರದವಳ ಮುಂದೆ ಅವನಿಗೆ ಮಾತು ಸಲೀಸಾಗಿ ಬರುತ್ತಿತ್ತು. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತ ಜ್ಞಾನೇಶ್ವರ ಅದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ.

ಒಂದು ಐತವಾರ ಖುಷ್ನುಮಾ ಮುದುಕಿಯ ಬಳಿ ಕೂತಿದ್ದಾಗ ಇಬ್ಬರೂ ತ್ರಿಪುರಾಂತ ಕೆರೆಯ ದಂಡೆಗೆ ಹೋದರು. ನೀರು ಕಡಿಮೆಯಾಗಿತ್ತು. ಜ್ಞಾನೇಶ್ವರ ಬಹಳ ಹೊತ್ತು ಕಲ್ಲು ಹೆಕ್ಕಿ ನೀರಿಗೆ ಎಸೆದ.

"ನಾ ಯಾಕ ಮದಿವಿ ಆಗಿಲ್ಲಂತ ಎಲ್ಲಾರೂ ಕೇಳ್ತಾರ. ನೀ ಒಂದಿನಾನೂ ಕೇಳಿಲ್ಲ."

"ಕೇಳೂದು ಬ್ಯಾಡ ಅನಸ್ತರಿ."

"ಯಾಕ?"

"ನನ್ನೂ ಯಾರರ ಕೇಳಿದ್ರ ಹೇಳಾಕ ಬರಂಗಿಲ್ಲ. ಅದಕ್ಕ."

ಜ್ಞಾನೇಶ್ವರನ ಕೈಯಲ್ಲಿದ್ದ ಕಲ್ಲು ಅಲ್ಲೇ ಉಳಿಯಿತು. ಅವನು ತಿರುಗಿ ನೋಡಲಿಲ್ಲ. ನೀರಿನ ಕಡೆ ಮುಖ ಮಾಡಿಯೇ ಹೇಳಿದ: "ನಾ ಅಂದ್ಕೊಂಡಿದ್ದೆ, ಈ ಕಡೆ ನಾನೊಬ್ಬನ ಹಿಂಗ ಅದೀನಂತ. ಇಷ್ಟ ವರ್ಷ."

ಮನೆಗೆ ಬಂದು ಚಹಾಕ್ಕಿಟ್ಟರು. ಖುಷ್ನುಮಾ ಹೋದಳು, ಮುದುಕಿಗೆ ನಿದ್ದೆ ಹತ್ತಿತ್ತು. ಸಕ್ಕರೆ ಡಬ್ಬಿ ಕೊಡಲು ಚಾಚಿದ ಸಂಘಪಾಲನ ಕೈಯನ್ನು ಜ್ಞಾನೇಶ್ವರ ಹಿಡಿದುಕೊಂಡ, ಬಿಡಲಿಲ್ಲ. ಅವನ ಹಣೆಗೆ ಮುತ್ತಿಟ್ಟ. ಚಹಾ ಉಕ್ಕಿ ಗ್ಯಾಸಿನ ಮೇಲೆಲ್ಲ ಹರಿಯಿತು. "ನೋಡು, ಎಲ್ಲಾ ನಿನ್ನಿಂದ," ಎಂದು ಬೈದ. ಬೈಯುತ್ತಿದ್ದವನ ಕಣ್ಣಲ್ಲಿ ನೀರಿತ್ತು.

ಅಲ್ಲಿಂದ ಹತ್ತಿರಹತ್ತಿರ ಒಂದು ವರ್ಷ ಸಂಘಪಾಲ ಸುಖವಾಗಿದ್ದ. ಏನೆಂದು ಕರೆಯಬೇಕು ಎಂಬುದೊಂದು ತೊಡಕಾಗಿತ್ತು. ಆಫೀಸಿನಲ್ಲಿ ಸರ್ ಎನ್ನುತ್ತಿದ್ದ, ಈಗ ಅದು ಬಾಯಿಗೆ ಬರಲಿಲ್ಲ. ಅಣ್ಣ ಎನ್ನಲಾಗಲಿಲ್ಲ. ಕೊನೆಗೆ ಬರಿಯ "ರೀ" ಎಂದು ಕರೆಯತೊಡಗಿದ. ಹೆಂಡಂದಿರು ಗಂಡಂದಿರನ್ನು ಹಾಗೇ ಕರೆಯುತ್ತಾರೆ, ಅಂಗಡಿಯವನನ್ನೂ ಮಂದಿ ಹಾಗೇ ಕರೆಯುತ್ತಾರೆ. ಯಾರಿಗೂ ಏನೂ ಅನಿಸಲಿಲ್ಲ. ಕೇಳಿಸಿಕೊಂಡವನಿಗೆ ಮಾತ್ರ ಕಿವಿ ಕೆಂಪಾಗುತ್ತಿತ್ತು.

ಆದರೆ ಆ ಸುಖಕ್ಕೆ ಹೊತ್ತು ಗೊತ್ತಿತ್ತು. ಐತವಾರ ಐದು ಗಂಟೆಗೆ ಎದ್ದು ಬಸ್‌ಸ್ಟ್ಯಾಂಡಿಗೆ ನಡೆಯಬೇಕು. ಬೀಳ್ಕೊಡಲು ಜ್ಞಾನೇಶ್ವರ ಗಲ್ಲಿಯ ತಿರುವಿನವರೆಗೂ ಬರುತ್ತಿರಲಿಲ್ಲ. ನೆಂಟರು ಬಂದಾಗ "ನಮ್ಮ ಆಫೀಸಿನ ಹುಡುಗ" ಎಂದು ಹೇಳುತ್ತಿದ್ದ, ಸಂಘಪಾಲ ಅವರಿಗೆ ನೀರು ತಂದುಕೊಡುತ್ತಿದ್ದ. ಕೆಲಸದ ದಿನಗಳಲ್ಲಿ ಮಹೆಬೂಬನ ಎದುರಿಗೆ ಜ್ಞಾನೇಶ್ವರ ಮೊದಲಿಗಿಂತ ಜೋರಾಗಿ ಬೈಯುತ್ತಿದ್ದ, ಅನುಮಾನ ಬರಬಾರದೆಂದು. ಇಂಥದ್ದು ಅಪರಾಧವಲ್ಲ ಎಂದು ದೊಡ್ಡ ಕೋರ್ಟು ಹೇಳಿದೆ ಎಂಬುದನ್ನು ಸಂಘಪಾಲ ಮೊಬೈಲಿನಲ್ಲಿ ಓದಿದ್ದ. ಕೋರ್ಟು ಹೇಳಿತ್ತು, ಹುಮನಾಬಾದಿನ ಬಸ್‌ಸ್ಟ್ಯಾಂಡಿಗೆ ಯಾರೂ ಹೇಳಿರಲಿಲ್ಲ.

ಮರುವರ್ಷದ ಮಾಘದಲ್ಲಿ, ಒಂದು ಬುಧವಾರ ಜ್ಞಾನೇಶ್ವರ ಕೆಲಸಕ್ಕೆ ಬರಲಿಲ್ಲ. ಮಧ್ಯಾಹ್ನ ಸಂಘಪಾಲ ಹಳ್ಳಿಖೇಡದ ಹತ್ತಿರ ಕಂಬದ ಮೇಲಿದ್ದಾಗ ಕೆಳಗಿಂದ ಮಹೆಬೂಬ ಕೂಗಿ ಹೇಳಿದ: "ಜ್ಞಾನೇಶ್ವರನ ಅವ್ವ ಹೋದಳಂತ! ಸಂಜಿಗೆ ಎಲ್ಲಾರೂ ಹೋಗೋಣು!" ಎಲ್ಲರಿಗೂ ಕೊಟ್ಟ ಸುದ್ದಿಯ ಹಾಗೆಯೇ ಅವನಿಗೂ ಕೊಟ್ಟ. ಸಂಘಪಾಲ ಕೈಯಲ್ಲಿದ್ದ ತಂತಿ ಬಿಗಿದು ಮುಗಿಸಿದ. ಬಿಟ್ಟು ಇಳಿಯುವಂತಿರಲಿಲ್ಲ, ಅವಳು ಅವನಿಗೆ ಏನಾಗಬೇಕು ಎಂದು ಕೇಳಿದರೆ ಹೇಳಲು ಅವನ ಬಳಿ ಏನೂ ಇರಲಿಲ್ಲ.

ಜೀಪು ಬಸವಕಲ್ಯಾಣ ಮುಟ್ಟುವ ಹೊತ್ತಿಗೆ ಮಣ್ಣಿನ ಕೆಲಸ ಮುಗಿದಿತ್ತು. ಅಂಗಳದ ತುಂಬ ಮಂದಿ. ಜ್ಞಾನೇಶ್ವರ ತಲೆ ಬೋಳಿಸಿಕೊಂಡು, ಅಣ್ಣ ದಿಲೀಪನ ಪಕ್ಕ ಕಂಬಳಿಯ ಮೇಲೆ ಕೂತಿದ್ದ. ಆಫೀಸಿನವರು ಒಬ್ಬೊಬ್ಬರಾಗಿ ಹೋಗಿ ಭುಜ ಮುಟ್ಟಿ ಬಂದರು. ಸಂಘಪಾಲನ ಸರದಿ ಬಂದಾಗ ಜ್ಞಾನೇಶ್ವರ ತಲೆ ಎತ್ತಲಿಲ್ಲ. ಎತ್ತಿದ್ದರೆ ಅವನಿಗೆ ತಡೆಯಲಾಗುತ್ತಿರಲಿಲ್ಲ ಎಂಬುದು ಸಂಘಪಾಲನಿಗೆ ಗೊತ್ತಿತ್ತು. ಎಲ್ಲರಷ್ಟೇ ಹೊತ್ತು ಭುಜ ಮುಟ್ಟಿ, ಎಲ್ಲರ ಹಾಗೆ ಕೈ ತೆಗೆದ.

ಮನೆಯ ಹಿಂದಿನ ಬಾಗಿಲ ಬಳಿ ಖುಷ್ನುಮಾ ಒಬ್ಬಳೇ ಕೂತಿದ್ದಳು. ಮುಂದಿನ ಅಂಗಳದಲ್ಲಿ ಲಾತೂರಿನಿಂದ ಬಂದ ನೆಂಟರ ಹೆಂಗಸರು ಹಾಡಿಕೊಂಡು ಅಳುತ್ತಿದ್ದರು. ಅವರ ನಡುವೆ ಅವಳಿಗೆ ಜಾಗವಿರಲಿಲ್ಲ. ಸಂಘಪಾಲ ಹೋಗಿ ಮೆಟ್ಟಿಲ ಮೇಲೆ ಕೂತ.

"ಮುಂಜಾನಿ ಹಾಲು ಕುಡಿಸಿದ್ನಪ್ಪಾ," ಎಂದಳು ಅವಳು. "ಕುಡದ್ಳು. ಆಮ್ಯಾಗ ನನ್ನ ಕಡೆ ನೋಡಿ ಪಾಲ ಪಾಲ ಅಂದ್ಳು. ಐತವಾರ ಬರ್ತಾನ ಬಾಯಿ, ಅಂದೆ."

ಸಂಘಪಾಲ ಮೊಣಕಾಲ ನಡುವೆ ತಲೆ ಹಾಕಿ ಅತ್ತ. ದನಿ ಹೊರಬರದಂತೆ ಅಳುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು. ಖುಷ್ನುಮಾ ಅವನ ಬೆನ್ನ ಮೇಲೆ ಕೈಯಿಟ್ಟಳು. "ಬೇಟಾ, ನಾ ನಾಕ ಮಕ್ಕಳ ತಾಯಿ. ಕಣ್ಣಿಗಿ ಕಂಡದ್ದು ಎಲ್ಲಾ ಬಾಯಿಲೆ ಆಡೂದಲ್ಲ. ಅಳು, ಮನಸ್ಸಿನಾಗ ಇಟ್ಕೋಬ್ಯಾಡ." ಆ ಐದು ವರ್ಷದಲ್ಲಿ ಮುದುಕಿಯ ಮೈ ತೊಳೆದವರು ಮೂವರೇ. ಅವರಲ್ಲಿ ಇಬ್ಬರು ಹಿಂದಿನ ಬಾಗಿಲಲ್ಲಿ ಕೂತಿದ್ದರು.

ಇಪ್ಪತ್ತು ದಿನಕ್ಕೆ ಜ್ಞಾನೇಶ್ವರನ ವರ್ಗದ ಆದೇಶ ಬಂತು, ಬಸವಕಲ್ಯಾಣಕ್ಕೆ. ಐದು ವರ್ಷ ಬೇಡಿದ್ದು ತಾಯಿ ಹೋದಮೇಲೆ ಸಿಕ್ಕಿತು. ಅವನು ಹುಮನಾಬಾದಿನ ಆಫೀಸಿಗೆ ಬಂದು ಸಹಿ ಮಾಡಿ, ಸಾಮಾನು ತೆಗೆದುಕೊಂಡ. ಹೊರಡುವಾಗ ಸಂಘಪಾಲನ ಬಳಿ ನಿಂತು ತಗ್ಗಿದ ದನಿಯಲ್ಲಿ ಹೇಳಿದ: "ಅಣ್ಣ ಇಲ್ಲೇ ಉಳದಾನ. ಹೆಣ್ಣು ನೋಡಾಕತ್ತಾನ ನನಗ. ನೀ ಸ್ವಲ್ಪ ದಿನ ಬರಬ್ಯಾಡ. ಫೋನೂ ಬ್ಯಾಡ."

"ಎಷ್ಟ ದಿನಾ ರೀ?"

ಅವನು ಮೋಟಾರ್ ಸೈಕಲ್ ಹತ್ತಿ ಹೋದ.

ಹೊಸ ಜೊತೆಗಾರ ಮಹೇಶಕುಮಾರ ಒಳ್ಳೆಯವನು. ಬೈಯುತ್ತಿರಲಿಲ್ಲ, ಕೆಲಸದ ನಡುವೆ ಕ್ರಿಕೆಟ್ ಮಾತಾಡುತ್ತಿದ್ದ. ಬೆಲ್ಟ್ ಜಗ್ಗಿ ನೋಡುತ್ತಿರಲಿಲ್ಲ. ಐತವಾರ ಬೆಳಿಗ್ಗೆ ಸಂಘಪಾಲ ಸ್ನಾನ ಮಾಡಿ ಅಂಗಿ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಹೋಗಿ ಕೂರುತ್ತಿದ್ದ. ಬಸವಕಲ್ಯಾಣದ ಬಸ್ ಬರುತ್ತಿತ್ತು, ತುಂಬುತ್ತಿತ್ತು, ಹೋಗುತ್ತಿತ್ತು. ಒಮ್ಮೆ ಕಂಡಕ್ಟರ್ ಗುರುತು ಹಿಡಿದು "ಬರಂಗಿಲ್ಲೇನ್ರಿ ಇವತ್ತ?" ಎಂದು ಕೇಳಿದ. ಇವನು ತಲೆಯಾಡಿಸಿದ. ಕೋಣೆಗೆ ಬಂದು ಒಬ್ಬನಿಗಾಗುವಷ್ಟು ಅಕ್ಕಿ ತೊಳೆದ. ಮಾತಾಡದೆ ಶನಿವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ ಕಳೆಯುವುದು ಅವನಿಗೆ ಮೊದಲು ಕಷ್ಟವೇ ಆಗಿರಲಿಲ್ಲ. ಈಗ ಕಷ್ಟವಾಯಿತು. ಮಾತು ಕಲಿತಿದ್ದ.

ಕೊಡಂಬಲಕ್ಕೆ ಹೋದಾಗ ಸರುಬಾಯಿ ಚಿಟಗುಪ್ಪದ ಕಡೆಯ ಒಂದು ಹುಡುಗಿಯ ಫೋಟೋ ಕೈಗಿಟ್ಟಳು. ಅವನು ಅದನ್ನು ನೋಡದೆ ಮಡಿಲಲ್ಲಿಟ್ಟುಕೊಂಡು ಕೂತ. ಸರುಬಾಯಿ ನೀರಿಗೆ ಹೋದಮೇಲೆ ತಂಗಿ ಮನೀಷಾ ಎದುರಿಗೆ ಬಂದು ಕೂತಳು.

"ಯಾರನ್ನರ ಪ್ರೀತಿ ಮಾಡೀದಿ ಏನಣ್ಣ?"

"ಹ್ಞೂಂ."

"ಬ್ಯಾರೆ ಜಾತಿಯಾಕಿ?"

ಅವನು ಮಡಿಲಲ್ಲಿದ್ದ ಫೋಟೋವನ್ನು ಬೋರಲು ಹಾಕಿದ. "ಆಕಿ ಅಲ್ಲ," ಎಂದ.

ಮನೀಷಾ ಮೊದಲು ಅರ್ಥವಾಗದೆ ನೋಡಿದಳು. ಆಮೇಲೆ ಅರ್ಥವಾಯಿತು. ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು. ಹೊರಗೆ ಯಾರದೋ ಟ್ರ್ಯಾಕ್ಟರ್ ಹಾಯ್ದು ಹೋಯಿತು.

"ನಿನ್ನ ಛಲೋ ನೋಡ್ಕೋತಾರೇನು ಅವರು?"

"ಬೈತಾರ."

"ಬೈತಾರ?"

"ದಿನಾ ಬೈತಿದ್ರು. ಈಗ ಮೂರು ತಿಂಗಳಾತು, ಅದೂ ಇಲ್ಲ."

ಮನೀಷಾಳ ಕಣ್ಣು ತುಂಬಿತು. ಎದ್ದು ಅವನ ಮಡಿಲಿನಿಂದ ಫೋಟೋ ತೆಗೆದುಕೊಂಡಳು. "ನನಗಿದು ಪೂರಾ ತಿಳಿಯಂಗಿಲ್ಲ. ಆದ್ರ ಈ ಹುಡುಗಿ ಏನ್ ತಪ್ಪ ಮಾಡ್ಯಾಳ? ಆಕಿನ್ನ ಇದರಾಗ ಎಳಿಯೂದು ಬ್ಯಾಡ. ಅವ್ವಗ ನಾ ಹೇಳ್ತೀನಿ, ಮೊದಲ ನನ್ನ ಓದು ಮುಗೀಲಿ, ಆಮ್ಯಾಗ ಅಣ್ಣಂದು ಅಂತ." ಆ ಮಾತಿನಿಂದ ಎರಡು ವರ್ಷ ಸಿಕ್ಕಂತಾಯಿತು.

ಮೃಗಶಿರಾ ಮಳೆ ಬಿದ್ದ ವಾರದ ಐತವಾರ ಜ್ಞಾನೇಶ್ವರ ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ, ಸಂಘಪಾಲ ಕೂರುವ ಕಲ್ಲುಬೆಂಚಿನ ಮೇಲೆ ಕೂತಿದ್ದ. ತಲೆಯಲ್ಲಿ ಗಿಡ್ಡ ಕೂದಲು ಬಂದಿತ್ತು, ಸೊರಗಿದ್ದ. ಸಂಘಪಾಲನನ್ನು ನೋಡಿ, "ಎಷ್ಟೊತ್ತಿಗೆ ಬರ್ತಿ? ಐತವಾರ ನೀ ಇಲ್ಲೇ ಬಂದು ಕೂಡ್ತಿ ಅಂತ ಕಂಡಕ್ಟರ್ ಹೇಳಿದ. ಒಂದು ತಾಸಾತು ಕುಂತೀನಿ," ಎಂದು ಗದರಿದ.

ನಡೆದದ್ದನ್ನು ಬೇರೆ ಯಾರನ್ನೋ ಬೈಯುವ ಹಾಗೆ ಹೇಳಿದ. ಅಣ್ಣ ಹುಡುಗಿ ನಿಶ್ಚಯ ಮಾಡಿದ್ದ. ಸೀರೆ ತರುವ ದಿನ ಬೆಳಿಗ್ಗೆ ಜ್ಞಾನೇಶ್ವರ ಅಣ್ಣನನ್ನು ಕೂರಿಸಿ ಹೇಳಿದ: ನನಗೆ ಹೆಂಗಸರ ಮೇಲೆ ಮನಸ್ಸಿಲ್ಲ, ಮೊದಲಿನಿಂದಲೂ ಇಲ್ಲ, ಒಬ್ಬ ಹುಡುಗಿಯ ಬಾಳು ನನ್ನಿಂದ ಕೆಡುವುದು ಬೇಡ. ದಿಲೀಪ ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ಮನೆ ಖಾಲಿ ಮಾಡು ಎಂದ. ಇನ್ನು ಮುಂದೆ ಲಾತೂರಿಗೆ ಬರಬೇಡ ಎಂದ.

"ನನ್ನ ಹೆಸರು ಹೇಳಿದ್ರೇನು?" ಸಂಘಪಾಲ ಹೆದರಿ ಕೇಳಿದ.

"ನಿನ್ನ ಹೆಸರ ಯಾಕ ಹೇಳ್ಲಿ? ನೀ ಇರ್ಲಿಲ್ಲಂದ್ರೂ ನಾ ಹಿಂಗ ಇರ್ತಿದ್ದೆ." ಆಮೇಲೆ ಬೆಂಚಿನ ಮೇಲೆ ಸರಿದು ಜಾಗ ಬಿಡುತ್ತ, "ನೀ ಇದ್ದಿ ಅಂತ ಹೇಳಾಕ ಧೈರ್ಯ ಬಂತು. ಅಷ್ಟ," ಎಂದ.

ಒಂದು ಉಪಾಯವೂ ತಂದಿದ್ದ. ಎರಡೂ ಊರಿನ ನಡುವೆ ಹೆದ್ದಾರಿ ಪಕ್ಕದ ಒಂದು ಹಳ್ಳಿಯಲ್ಲಿ ಮನೆ ಹಿಡಿಯುವುದು. ಅಲ್ಲಿಂದ ಒಬ್ಬ ಈ ಕಡೆ, ಒಬ್ಬ ಆ ಕಡೆ ಕೆಲಸಕ್ಕೆ ಹೋಗುವುದು. "ಒಂದ ಇಲಾಖೆಯ ಇಬ್ರು ಗಂಡಸ್ರು ಒಂದ ಮನ್ಯಾಗ ಇದ್ರ ಯಾರ್ ಏನ್ ಅಂತಾರ? ಯಾರಿಗೂ ಏನೂ ಅನಸಂಗಿಲ್ಲ." ಅದು ಖರೆಯೇ ಆಗಿತ್ತು. ಮನೆ ಸಿಕ್ಕಿತು, ಎರಡು ಕೋಣೆ, ಹಿಂದೆ ನಳ, ಮುಂದೆ ಒಂದು ನುಗ್ಗೆ ಗಿಡ. ಕೀಲಿಯೂ ಕೈಗೆ ಬಂತು. ಮಾಲಕ ಒಳ್ಳೆಯ ಮಾತಿನವನು, ಚಹಾ ತರಿಸಿದ. ಕರೆಂಟಿನವರು ಬಂದರೆ ಊರಿಗೇ ಅನುಕೂಲ ಎಂದ. ಕುಡಿಯುತ್ತ ಹೆಸರು ಕೇಳಿದ.

"ಸಂಘಪಾಲ ಅಂದ್ರ... ಹ್ಯಾಂಗಾತು? ನೀವು ಯಾರ ಪೈಕಿ?"

"ಬೌದ್ಧರು," ಎಂದ ಸಂಘಪಾಲ.

ಮಾಲಕ ಕಪ್ಪು ಕೆಳಗಿಟ್ಟ. ಮಾತಿನಲ್ಲಿ ಒರಟು ಬರಲಿಲ್ಲ. "ನೀವು ಇರ್ರಿ, ಜ್ಞಾನೇಶ್ವರ. ನಿಮ್ಮದೇನೂ ತಕರಾರಿಲ್ಲ. ಇವರದು... ಮನ್ಯಾಗ ಹಿರ್ಯಾರು ಅದಾರ, ನೋಡ್ರಿ. ನನಗೇನಿಲ್ಲ."

ಜ್ಞಾನೇಶ್ವರ ಎದ್ದ. ಹೊಡೆಯುತ್ತಾನೆ ಎಂದು ಸಂಘಪಾಲ ಅವನ ತೋಳು ಹಿಡಿದ. ಹೊಡೆಯಲಿಲ್ಲ. ಕೀಲಿಯನ್ನು ಚಹಾದ ಕಪ್ಪಿನ ಪಕ್ಕ ಇಟ್ಟು ಹೊರಗೆ ಬಂದ.

ಹೆದ್ದಾರಿಯ ಮೇಲೆ ಐದಾರು ಕಿಲೋಮೀಟರ್ ಬಂದಮೇಲೆ ಗಾಡಿ ನಿಲ್ಲಿಸಿ, ಮೈಲಿಗಲ್ಲಿನ ಮೇಲೆ ಕೂತುಬಿಟ್ಟ. ಲಾರಿಗಳು ಹಾಯ್ದು ಹೋಗುತ್ತಿದ್ದವು.

"ನಾ ಅಂದ್ಕೊಂಡಿದ್ದೆ, ನಮ್ಮ ಆ ಒಂದ ಮಾತ ಮುಚ್ಚಿಟ್ರ ಸಾಕು ಅಂತ," ಎಂದ. "ನಿನಗ ಇನ್ನೊಂದೂ ಅದ ಅಂತ ನಂಗ ಹೊಳೀಲೇ ಇಲ್ಲ ನೋಡು. ಹೊಳೆಯುವಂಥ ಪ್ರಸಂಗ ನನಗ ಯಾವತ್ತೂ ಬಂದಿಲ್ಲ."

"ನನಗಿದು ಹೊಸಾದಲ್ಲ ರೀ."

"ಅದಕ್ಕ ನಾಚಿಕಿ ಬರಾಕತ್ತದ ನನಗ."

ಆಮೇಲೆ ಇನ್ನೂ ಮೂರು ಮನೆ ನೋಡಿದರು. ಒಂದು ಕಡೆ ಸಂಸಾರಸ್ಥರಿಗೆ ಮಾತ್ರ ಎಂದರು. ಒಂದು ಕಡೆ ಹೆಸರು ಕೇಳಿದರು. ಮೂರನೆಯದು ಸಂಘಪಾಲನ ಮಂದಿಯ ಓಣಿಯಲ್ಲೇ ಇತ್ತು. ಅಲ್ಲಿ ಜ್ಞಾನೇಶ್ವರನ ಹೆಸರು ಕೇಳಿ, ನಿಮ್ಮವರು ನಾಳೆ ಬಂದು ನಮ್ಮ ಮೇಲೆ ಜಗಳ ತೆಗೆದರೆ ಎಂದು ಹೆದರಿದರು. ಕೊನೆಗೆ ಜ್ಞಾನೇಶ್ವರ ಬಸವಕಲ್ಯಾಣದಲ್ಲಿ ಖುಷ್ನುಮಾಳ ಅಣ್ಣ ಮೊಹಿನುದ್ದೀನನ ಮನೆಯ ಮಾಳಿಗೆಯಲ್ಲಿ ಒಂದು ಕೋಣೆ ಹಿಡಿದ. ಸಂಘಪಾಲ ಹುಮನಾಬಾದಿನಲ್ಲೇ ಉಳಿದು, ಮತ್ತೆ ಐತವಾರದ ಬಸ್ ಹತ್ತತೊಡಗಿದ.

ಈಗ ಸಂಘಪಾಲನಿಗೆ ಇಪ್ಪತ್ತೇಳು. ಬಸವಕಲ್ಯಾಣಕ್ಕೆ ವರ್ಗ ಕೇಳಿ ಅರ್ಜಿ ಹಾಕಿದ್ದಾನೆ. ಅರ್ಜಿಯಲ್ಲಿ ಕಾರಣ ಬರೆಯುವ ಜಾಗವಿದೆ. ಗಂಡ ಹೆಂಡತಿ ಬೇರೆ ಬೇರೆ ಊರಿನಲ್ಲಿದ್ದರೆ ಬೇಗ ಆಗುತ್ತದೆ, ತಂದೆ ತಾಯಿಗೆ ಕಾಯಿಲೆ ಎಂದರೂ ಆಗುತ್ತದೆ, ನಿನ್ನದೇನು ಎಂದು ಗುಮಾಸ್ತ ಕೇಳಿದ. "ಸ್ವಂತ ಕಾರಣ" ಎಂದು ಬರೆದುಕೊಟ್ಟ. ಅದು ಒಮ್ಮೆ ತಿರಸ್ಕಾರವಾಗಿ ಬಂದಿದೆ. ಮತ್ತೆ ಅದೇ ಕಾರಣ ಬರೆದು ಕಳಿಸಿದ್ದಾನೆ.

ಮೊನ್ನೆ ಐತವಾರ ಜ್ಞಾನೇಶ್ವರನಿಗೆ ಡ್ಯೂಟಿ ಬಿತ್ತು. ಸಂಘಪಾಲ ಹೋಗಲಿಲ್ಲ. ಬಟ್ಟೆ ಒಗೆದ, ಮಧ್ಯಾಹ್ನ ಮಲಗಿದ, ನಿದ್ದೆ ಬರಲಿಲ್ಲ. ಸಂಜೆ ಫೋನ್ ಬಂತು.

"ಉಂಡಿ ಏನು?"

"ಹೌದ್ರಿ."

"ಏನ್ ಮಾಡಿದ್ದಿ?"

"ಅನ್ನ, ಬ್ಯಾಳಿ."

"ಬರೀ ಅನ್ನ ಬ್ಯಾಳಿ ತಿಂದು ಕಂಬ ಹತ್ತಾಕ ಆಗ್ತದೇನು? ಒಂದ ರೊಟ್ಟಿ ತಟ್ಟಾಕ ಬರಂಗಿಲ್ಲ ನಿಂಗ?"

"ಬರ್ತದ ರೀ. ಒಬ್ಬನಿಗೆ ಹಿಟ್ಟ ಕಲಸಾಕ ಮನಸ್ಸಾಗಂಗಿಲ್ಲ."

ಆ ಕಡೆಯಿಂದ ಗಾಳಿಯ ಸದ್ದು, ದೂರದಲ್ಲಿ ಯಾರೋ ಜ್ಞಾನೇಶ್ವರನನ್ನು ಕೆಲಸಕ್ಕೆ ಕರೆಯುವ ಸದ್ದು ಕೇಳಿತು. "ಬಂದೆ," ಎಂದು ಅವನು ಅವರಿಗೆ ಹೇಳಿದ. ಇವನಿಗೆ, "ಇಡ್ತೀನಿ," ಎಂದ.

ಸಂಘಪಾಲ ಎದ್ದು ಒಣಗಿದ ಬಟ್ಟೆ ಮಡಚತೊಡಗಿದ.